ಜಿಪ್ಸಿಗೆ ಎಸ್ಟೀಮ್ ಎಂಜಿನ್ ಕೂರಿಸಿದೆ, ಕಪ್ಪು ಹೊಗೆ ಬಿಡಿಸಲು ಐದು ತಿಂಗಳು

"ಕಾರ್ಬೊರೇಟರ್ ಗಾಡಿ ಸರ್ ಇದು, ಎಂಪಿಎಫ್ಐ ಒಗ್ಗಲ್ಲ, ಹಳೇ ಎಂಜಿನ್ನೇ ಬೋರ್ ಮಾಡಿಸಿ." ಹಳೇ ಜಿಪ್ಸಿಗೆ ಎಂಪಿಎಫ್ಐ ಎಂಜಿನ್ (ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲನ್ನು ಇಂಜೆಕ್ಟರುಗಳು ಸಿಂಪಡಿಸುವಂಥದ್ದು) ಹಾಕಿ ಅಂದರೆ ಮೂರು ಗ್ಯಾರೇಜಿನಲ್ಲಿ ಇದೇ ಮಾತು. ಈಗ ಅದೇ ಗಾಡಿ ಶಿರಾಡಿ ಘಾಟಿ ಆರಾಮಾಗಿ ಹತ್ತುತ್ತೆ, ಪ್ಲಗ್ ಬಿಚ್ಚಿದರೆ ಬಿಸ್ಕತ್ತಿನ ಬಣ್ಣ, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ 970 ಸಿಸಿಯ ಹಳೇ ಜಿಪ್ಸಿ. ಮಾರುತಿ ಎಸ್ಟೀಮ್ ಕಾರಿನ ಜಿ13ಬಿಬಿ ಎಂಜಿನ್, ವೈರಿಂಗ್, ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಸಮೇತ ಶಿವಾಜಿನಗರದ ಗುಜರಿಯಲ್ಲಿ ಸುಮಾರು 38 ಸಾವಿರಕ್ಕೆ ಸಿಕ್ಕಿತು. ಗೇರ್‌ಬಾಕ್ಸ್ ಜಿಪ್ಸಿ ಕಿಂಗ್‌ದು. ಮೌಂಟಿಂಗ್, ಆರ್‌ಟಿಒ ಓಡಾಟ ಎಲ್ಲ ನಿಮಗೆ ಗೊತ್ತಿದ್ದದ್ದೇ, ಬಿಡಿ.

ಮೊದಲ ದಿನವೇ ಕಪ್ಪು ಹೊಗೆ, ಅಂದರೆ ಪೆಟ್ರೋಲ್ ಅತಿಯಾಗಿ ಹೋಗುತ್ತಿದೆ. ಮೈಲೇಜ್ ಆರೋ ಆರೂವರೆಯೋ. ಆಯಿಲ್ ಡಿಪ್‌ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ, ಎರಡು ಸಲ ಆಯಿಲ್ ಬದಲಿಸಿದೆ. ಎಲ್ಲರ ಹಾಗೆ ನಾನೂ ಮೊದಲು, ಎಂಜಿನ್ ಎಷ್ಟು ಬಿಸಿ ಅಂತ ಇಸಿಎಂಗೆ ಹೇಳುವ ಕೂಲೆಂಟ್ ಸೆನ್ಸರ್ ಮೇಲೆ ಅನುಮಾನಪಟ್ಟು ಹೊಸದು ಹಾಕಿದೆ, ಸಾವಿರದ ಚಿಲ್ಲರೆ ಹೋಯಿತು. ಆಮೇಲೆ ಒಂದು ತಲೆಹರಟೆ ಮಾಡಿದೆ. ಬಿಸಿ ಎಂಜಿನ್‌ನಲ್ಲಿ ಆ ಸೆನ್ಸರ್ ಸುಮಾರು 300 ಓಮ್ ತೋರಿಸಬೇಕು ಅಲ್ವಾ, ಹಾಗಾಗಿ ಸೆನ್ಸರ್ ಕಿತ್ತು ಅದರ ಕ್ಲಿಪ್ಪಿಗೆ 330 ಓಮಿನ ರೆಸಿಸ್ಟರ್ ಸಿಕ್ಕಿಸಿದೆ, ಐದು ರೂಪಾಯಿದು. ಹೊಗೆ ಹಾಗೇ ಇತ್ತು! ಅಂದರೆ ಸೆನ್ಸರ್ ತಪ್ಪಲ್ಲ. ರೆಸಿಸ್ಟರ್ ತೆಗೆಯೋದು ಮರೆತೆ, ಎಂಜಿನ್ ತಣ್ಣಗಿದ್ದರೂ ಇಸಿಎಂ ಬಿಸಿ ಅಂದುಕೊಂಡು ಪೆಟ್ರೋಲ್ ಕಮ್ಮಿ ಕೊಡುತ್ತೆ. ಮರುದಿನ ಸಕಲೇಶಪುರದ ಚಳಿಯಲ್ಲಿ ಗಾಡಿ ಸ್ಟಾರ್ಟೇ ಆಗಲಿಲ್ಲ, ತೋಟದ ಹುಡುಗರು ತಳ್ಳಿ ತಳ್ಳಿ ಸುಸ್ತಾದರು.

ಮ್ಯಾಪ್ ಸೆನ್ಸರ್ (ಎಂಜಿನ್ ಎಳೆಯುವ ಗಾಳಿಯ ಒತ್ತಡ ಅಳೆಯುವಂಥದ್ದು) ಪೈಪ್ ಬದಲಿಸಿದೆ. ಇಂಜೆಕ್ಟರ್ ಕ್ಲೀನಿಂಗಿಗೆ 1,600. "ಇಸಿಎಂ ಹೋಗಿದೆ" ಅಂದ ಒಬ್ಬ ಎಲೆಕ್ಟ್ರಿಷಿಯನ್ ಮಾತು ಕೇಳಿ ಇನ್ನೊಂದು ಇಸಿಎಂ ತಂದೆ, ಆರೂವರೆ ಸಾವಿರ. ಅದರಲ್ಲೂ ಅದೇ ಹೊಗೆ.

ಕೊನೆಗೆ ಪೆಟ್ರೋಲ್ ಒತ್ತಡ ನೋಡಲು ಗೆಳೆಯನ ಪ್ರೆಶರ್ ಗೇಜ್ ಎರವಲು ತಂದೆ. ಇದನ್ನು ಮೊದಲೇ ಮಾಡಬೇಕಿತ್ತು, ಗೊತ್ತು. ಐಡ್ಲಿಂಗಿನಲ್ಲಿ 3.7 ಕಿಲೋ, ಇರಬೇಕಾದದ್ದು ಎರಡು ಚಿಲ್ಲರೆ. ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಬಿಟ್ಟು ಒತ್ತಡ ಹಿಡಿದಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಎಳೆದರೆ ಮುಳ್ಳು ಏರಬೇಕು, ಅಲ್ಲಾಡಲೇ ಇಲ್ಲ. ಸಿಕ್ಕಿತು ಅಂತ ಕುಣಿದು ಹೊಸ ರೆಗ್ಯುಲೇಟರ್ ಹಾಕಿದೆ. ಮತ್ತೆ 3.7. ಅವತ್ತು ರಾತ್ರಿ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗಲೇ ರಿಟರ್ನ್ ಪೈಪ್ ಕಳಚಿ, ಉದ್ದದ ಹೋಸ್ ಕೊಟ್ಟು ದೂರದ ಕ್ಯಾನಿಗೆ ಬಿಟ್ಟೆ. ಸ್ಟಾರ್ಟ್ ಮಾಡಿದ ಕೂಡಲೇ ಮುಳ್ಳು 2.1ಕ್ಕೆ ಇಳಿದು ನಿಂತಿತು. ತಪ್ಪು ಇದ್ದದ್ದು ಟ್ಯಾಂಕಿಗೆ ವಾಪಸ್ ಹೋಗುವ ಪೈಪಿನಲ್ಲಿ. ಕಾರ್ಬೊರೇಟರ್ ಕಾಲದ ಸಣ್ಣ ಪೈಪ್, ಒಳಗೆ ತುಕ್ಕು ಬೇರೆ. ಹಳೇ ಮೆಕ್ಯಾನಿಕಲ್ ಪಂಪಿಗೆ ಅದು ಸಾಕಿತ್ತು. ಎಲೆಕ್ಟ್ರಿಕ್ ಪಂಪ್ ನೂಕುವ ಪೆಟ್ರೋಲಿಗೆ ಎಲ್ಲಿ ಸಾಲುತ್ತೆ? ರೆಗ್ಯುಲೇಟರ್ ಬಾಗಿಲು ತೆರೆದರೂ ಪೆಟ್ರೋಲಿಗೆ ಹೋಗೋಕೆ ದಾರಿ ಇಲ್ಲ.

ದಪ್ಪ ರಿಟರ್ನ್ ಪೈಪ್ ಹಾಕಿದೆ, ಖರ್ಚು 900 ಇರಬೇಕು. ಟ್ಯಾಂಕ್ ಇಳಿಸದೆ ಅದನ್ನು ಹೇಗೆ ಸೇರಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಹೊಗೆ ನಿಂತರೂ ಪ್ಲಗ್ಗಿನಲ್ಲಿ ಸ್ವಲ್ಪ ಮಸಿ ಉಳಿದಿತ್ತು. ಅದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕ್. ಆಕ್ಸಿಜನ್ ಸೆನ್ಸರಿಗಿಂತ ಮುಂಚೆಯೇ ಹೊರಗಿನ ಗಾಳಿ ಒಳಗೆ ಬಂದರೆ ಇಸಿಎಂ ಪೆಟ್ರೋಲ್ ಕಮ್ಮಿ ಅಂದುಕೊಂಡು ಇನ್ನಷ್ಟು ಸುರಿಯುತ್ತೆ. 250 ರೂಪಾಯಿಯ ಗ್ಯಾಸ್ಕೆಟ್ ಹಾಕಿದ ಮೇಲೆ ಅದೂ ಹೋಯಿತು.

ಈಗ ಮೈಲೇಜ್ ಹನ್ನೊಂದರ ಹತ್ತಿರ. ಎರಡನೇ ಇಸಿಎಂ ಕಪಾಟಿನಲ್ಲಿ ಸುಮ್ನೆ ಕೂತಿದೆ, ಬೇಕಾದವರು ಹೇಳಿ, ಕೊಂಡ ರೇಟಿಗೇ ಕೊಡುತ್ತೇನೆ.