ಖಾತೆ ಫ್ರೀಜ್ ಆಯಿತೇ? ಮೊದಲು ತಡೆದವರು ಯಾರೆಂದು ತಿಳಿಯಿರಿ

ಕ್ಯೂಆರ್ ಕೋಡ್‌ಗೆ ಹಣ ಬರುತ್ತಲೇ ಇರುತ್ತದೆ, ಸೌಂಡ್‌ಬಾಕ್ಸ್ ಕೂಗುತ್ತಲೇ ಇರುತ್ತದೆ. ಸಂಜೆ ಮಂಡಿಯವರಿಗೆ ದುಡ್ಡು ಹಾಕಲು ಹೋದರೆ ಮಾತ್ರ ಆಗುವುದಿಲ್ಲ. ಇದಕ್ಕೆ ಡೆಬಿಟ್ ಫ್ರೀಜ್ ಎನ್ನುತ್ತಾರೆ: ಖಾತೆಗೆ ಹಣ ಬರುತ್ತದೆ, ಹೊರಗೆ ಹೋಗುವುದಿಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನವರಿಂದ ಹಿಡಿದು ಮಂಡ್ಯದ ಬೆಲ್ಲದ ವ್ಯಾಪಾರಿಗಳವರೆಗೆ ಯಾರಿಗೆ ಬೇಕಾದರೂ ಈ ಪಾಡು ಬರಬಹುದು. ಆಗ ಹೆಚ್ಚಿನವರು ಪೇಮೆಂಟ್ ಆ್ಯಪ್‌ನ ಕಸ್ಟಮರ್ ಕೇರ್‌ಗೆ ಮೇಲಿಂದ ಮೇಲೆ ಫೋನ್ ಮಾಡಿ ಅಮೂಲ್ಯವಾದ ದಿನಗಳನ್ನು ಕಳೆದುಕೊಳ್ಳುತ್ತಾರೆ. ಯುಪಿಐ ವ್ಯವಸ್ಥೆಯಲ್ಲಿ ನಿಮ್ಮ ಹಣ ಇರುವುದು ಬ್ಯಾಂಕಿನಲ್ಲಿ, ಆ್ಯಪ್‌ನಲ್ಲಿ ಅಲ್ಲ. ಹಾಗಾಗಿ ಮೊದಲು ಕೇಳಬೇಕಾದದ್ದು ಒಂದೇ: ತಡೆದವರು ಆ್ಯಪ್ ಕಂಪನಿಯವರೋ, ಬ್ಯಾಂಕಿನವರೋ, ಪೊಲೀಸರೋ?

ಹಂತ 1: ಎಟಿಎಂನಲ್ಲಿ ಪರೀಕ್ಷಿಸಿ

ಅದೇ ಖಾತೆಯ ಕಾರ್ಡ್ ಹಾಕಿ ಐನೂರು ರೂಪಾಯಿ ತೆಗೆಯಿರಿ. ಬಂದರೆ ಖಾತೆ ಸರಿಯಾಗಿದೆ, ತೊಂದರೆ ಇರುವುದು ಆ್ಯಪ್ ಅಥವಾ ಯುಪಿಐ ನೋಂದಣಿಯಲ್ಲಿ. ಪಿನ್ ಮತ್ತೆ ಮತ್ತೆ ತಪ್ಪಾಗಿ ಒತ್ತಿದ್ದರೆ ಸಾಮಾನ್ಯವಾಗಿ ಒಂದು ದಿನ ಕಾಯಬೇಕು. ಹೊಸದಾಗಿ ನೋಂದಾಯಿಸಿಕೊಂಡಿದ್ದರೆ ಮೊದಲ 24 ಗಂಟೆ 5,000 ರೂಪಾಯಿಯ ಮಿತಿ ಇರುತ್ತದೆ. ಇವು ತಾವಾಗಿಯೇ ಸರಿಹೋಗುತ್ತವೆ.

ಅಂಗಡಿಯವರ ಕ್ಯೂಆರ್‌ಗೆ ಬಂದ ಹಣವನ್ನು ಬ್ಯಾಂಕ್ ಖಾತೆಗೆ ಹಾಕುವ ಮೊದಲೇ ಆ್ಯಪ್ ಕಂಪನಿ ಹಿಡಿದಿಟ್ಟುಕೊಂಡಿದ್ದರೆ ಮಾತು ಬೇರೆ. ಪುಸ್ತಕದ ಅಂಗಡಿಯೆಂದು ನೋಂದಾಯಿಸಿದ ಕೋಡ್‌ಗೆ ಮಧ್ಯರಾತ್ರಿ ಲಕ್ಷಗಟ್ಟಲೆ ಬಂದರೆ ಕಂಪನಿ ತಡೆದು ನೋಡಲೇಬೇಕು. ಅಂಥ ಕಡೆ ಬಿಲ್ಲು, ಅಂಗಡಿಯ ಫೋಟೊ, ಟ್ರೇಡ್ ಲೈಸೆನ್ಸ್ ಕೊಟ್ಟರೆ ಕೆಲಸ ಮುಂದಕ್ಕೆ ಹೋಗುತ್ತದೆ. ಜಗಳ ಕಾಯ್ದರೆ ಹೋಗುವುದಿಲ್ಲ.

ಹಂತ 2: ಬ್ಯಾಂಕಿನ ಕಾರಣಗಳು

ಎಟಿಎಂನಲ್ಲೂ ಹಣ ಬರದಿದ್ದರೆ ನೇರವಾಗಿ ಶಾಖೆಗೆ ಹೋಗಿ. ಅಲ್ಲಿ ಸಾಮಾನ್ಯವಾಗಿ ಹೊರಬೀಳುವ ಕಾರಣ ಕೆವೈಸಿ, ಅಂದರೆ ಗ್ರಾಹಕರ ಗುರುತು, ವಿಳಾಸದ ದಾಖಲೆ. ಅಪಾಯ ಕಡಿಮೆಯೆಂದು ಬ್ಯಾಂಕ್ ಗುರುತಿಸಿದ ಗ್ರಾಹಕರು 10 ವರ್ಷಕ್ಕೊಮ್ಮೆ, ಮಧ್ಯಮ ಅಪಾಯದವರು 8 ವರ್ಷಕ್ಕೊಮ್ಮೆ, ಹೆಚ್ಚಿನ ಅಪಾಯದವರು 2 ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಎರಡು ವರ್ಷ ಯಾವ ವಹಿವಾಟೂ ಮಾಡದ ಖಾತೆ ನಿಷ್ಕ್ರಿಯವಾಗುತ್ತದೆ. ಅದನ್ನು ಮತ್ತೆ ಚಾಲ್ತಿಗೆ ತರಲು ಶುಲ್ಕವಿಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ.

ಇನ್ನೊಂದು ಕಾರಣ ಬಡವರನ್ನೇ ಹೆಚ್ಚು ಕಾಡುತ್ತದೆ, ಹೇಳುವವರು ಮಾತ್ರ ಕಡಿಮೆ. ಪೂರ್ತಿ ದಾಖಲೆ ಇಲ್ಲದೆ ತೆರೆದ ‘ಸಣ್ಣ ಖಾತೆ’ಗೆ ಆರ್ಥಿಕ ವರ್ಷವೊಂದರಲ್ಲಿ ಒಟ್ಟು 1 ಲಕ್ಷ ರೂಪಾಯಿಗಿಂತ ಹೆಚ್ಚು ಜಮೆ ಆಗುವಂತಿಲ್ಲ, ಯಾವ ಹೊತ್ತಿನಲ್ಲೂ 50,000ಕ್ಕಿಂತ ಹೆಚ್ಚು ಇರುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ದಿನಕ್ಕೆ ಐನೂರು ರೂಪಾಯಿಯ ಮಲ್ಲಿಗೆ ಮಾರುವ ಹೆಂಗಸು ಅಂಥ ಖಾತೆಗೆ ಕ್ಯೂಆರ್ ಜೋಡಿಸಿಕೊಂಡರೆ ಏಳು ತಿಂಗಳೊಳಗೆ ಮಿತಿ ಮುಗಿಯುತ್ತದೆ. ಆಕೆಯ ತಪ್ಪು ಏನೂ ಇಲ್ಲ. ಪೂರ್ಣ ಕೆವೈಸಿ ಮಾಡಿಸಿದರೆ ಈ ಮಿತಿಗಳು ಹೋಗುತ್ತವೆ. ನಿಮ್ಮ ಮನೆಗೆ ಹೂ ತರುವವರಿಗೆ, ತರಕಾರಿ ಗಾಡಿಯವರಿಗೆ ದಯವಿಟ್ಟು ಇದನ್ನು ತಿಳಿಸಿ.

ನೀವು ಬರೆದು ಕೊಟ್ಟ ದೂರಿಗೆ ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸಮಾಧಾನ ತರದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ಸಹಾಯವಾಣಿ 14448.

ಹಂತ 3: ಪೊಲೀಸ್ ತಡೆ

ಕೌಂಟರ್‌ನಲ್ಲಿ ‘ಸೈಬರ್‌ನಿಂದ ಲೀನ್ ಹಾಕಿದ್ದಾರೆ’, ಅಂದರೆ ಸೈಬರ್ ಪೊಲೀಸರ ಕೋರಿಕೆಯಂತೆ ಹಣ ತಡೆದಿದ್ದಾರೆ, ಎಂದರೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ಇದರ ಅರ್ಥ ನೀವು ಆರೋಪಿ ಎಂದಲ್ಲ. ಎಲ್ಲೋ ಒಬ್ಬರು ಮೋಸಹೋಗಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿರುತ್ತಾರೆ. ಅವರ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹರಿದು ಹೋಗಿರುತ್ತದೆ. ಆ ಜಾಡಿನಲ್ಲಿ ಸಿಕ್ಕ ಖಾತೆಗಳಿಗೆಲ್ಲ ತಡೆ ಬೀಳುತ್ತದೆ. ಕಳ್ಳನೊಬ್ಬ ಆ ಹಣದಲ್ಲಿ ನಿಮ್ಮಲ್ಲಿ ಹತ್ತು ಕೆಜಿ ಬೆಲ್ಲ ಕೊಂಡಿದ್ದರೂ ಸಾಕು. ಪೊಲೀಸರು ಸಾಮಾನ್ಯವಾಗಿ ಇಂಥ ತಡೆ ಹಾಕುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಸೆಕ್ಷನ್‌ನಡಿ. ಮೋಸಹೋದವರ ಹಣ ಉಳಿಸಲು ಈ ವೇಗ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎರಡು ಸಾವಿರದ ತಕರಾರಿಗೆ ಎರಡು ಲಕ್ಷದ ಖಾತೆಯನ್ನೇ ಮುಚ್ಚುವುದು ಅನ್ಯಾಯ. 2023ರಲ್ಲಿ ಕೇರಳ ಹೈಕೋರ್ಟ್, ಪೊಲೀಸರು ಸೂಚಿಸಿದ ಮೊತ್ತಕ್ಕೆ ಮಾತ್ರ ತಡೆಯನ್ನು ಸೀಮಿತಗೊಳಿಸುವಂತೆ ಬ್ಯಾಂಕುಗಳಿಗೆ ಹೇಳಿದೆ. ಈ ಮಾತನ್ನು ನಿಮ್ಮ ಅರ್ಜಿಯಲ್ಲಿ ಧೈರ್ಯವಾಗಿ ಎತ್ತಿ.

ಬಾಯಿಮಾತಿನಲ್ಲಿ ಕೇಳಿದರೆ ‘ಮೇಲಿಂದ ಆಗಿದೆ’ ಎಂಬ ಉತ್ತರವೇ ಸಿಗುವುದು ಹೆಚ್ಚು. ಬರೆದು ಕೊಡಿ, ಇಷ್ಟೇ ಸಾಕು:

‘ನನ್ನ ಉಳಿತಾಯ ಖಾತೆ ಇಂಥ ದಿನಾಂಕದಿಂದ ಫ್ರೀಜ್ ಆಗಿದೆ. ಇದು ಯಾವ ಠಾಣೆಯ ಕೋರಿಕೆ, ಸೈಬರ್ ಪೋರ್ಟಲ್‌ನ ದೂರಿನ ಸಂಖ್ಯೆ, ತನಿಖಾಧಿಕಾರಿಯ ಇಮೇಲ್, ತಕರಾರಿನ ಮೊತ್ತ ಹಾಗೂ ಆ ವಹಿವಾಟಿನ ಯುಟಿಆರ್ ಸಂಖ್ಯೆಯನ್ನು ಲಿಖಿತವಾಗಿ ತಿಳಿಸಬೇಕು. ಆ ಮೊತ್ತವನ್ನು ಬಿಟ್ಟು ಉಳಿದ ಹಣ ಬಳಸಲು ಅವಕಾಶ ಕೊಡಬೇಕು.’

ಇನ್ನೊಂದು ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳದೆ ಶಾಖೆಯಿಂದ ಹೊರಡಬೇಡಿ.

ಯುಟಿಆರ್ ಎಂದರೆ ಪ್ರತಿ ವಹಿವಾಟಿಗೂ ಇರುವ ಗುರುತಿನ ಸಂಖ್ಯೆ. ಅದು ಸಿಕ್ಕಿತೆಂದರೆ ಅರ್ಧ ಕೆಲಸ ಆದಂತೆ. ಯುಪಿಐನಲ್ಲಿ ಅದು 12 ಅಂಕಿಯ ಸಂಖ್ಯೆ. ಸ್ಟೇಟ್‌ಮೆಂಟ್‌ನಲ್ಲಿ ಆ ಸಾಲು ಹುಡುಕಿ, ಆ ದಿನದ ಬಿಲ್ಲು, ಲಾರಿ ರಸೀದಿ, ಗಿರಾಕಿಯ ವಾಟ್ಸ್‌ಆ್ಯಪ್ ಮಾತುಕತೆ ಎಲ್ಲವನ್ನೂ ಜೋಡಿಸಿ ತನಿಖಾಧಿಕಾರಿಗೆ ಇಮೇಲ್ ಮಾಡಿ. ದೂರು ಹೊರ ರಾಜ್ಯದ್ದಾದರೆ ಇಲ್ಲಿಯ ಪೊಲೀಸರು ತಡೆ ತೆಗೆಯಲಾರರು. ಆದರೂ ಮೈಸೂರು ಅಥವಾ ಮಂಡ್ಯದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯಲ್ಲಿ ವಿಚಾರಿಸಿ, ಆ ಠಾಣೆಯನ್ನು ಸಂಪರ್ಕಿಸುವ ದಾರಿ ಅವರಿಗೆ ಗೊತ್ತಿರುತ್ತದೆ. ಉತ್ತರವೇ ಬಾರದಿದ್ದರೆ ವಕೀಲರ ಮೂಲಕ, ದೂರು ದಾಖಲಾದ ಕಡೆಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅದೇ ಸಂಹಿತೆಯ 503ನೇ ಸೆಕ್ಷನ್‌ನಡಿ ಅರ್ಜಿ ಹಾಕಬಹುದು.

ಹಣ ಕೊಟ್ಟರೆ ಖಾತೆ ಬಿಡಿಸಿಕೊಡುತ್ತೇವೆಂದು ಫೋನ್ ಮಾಡುವವರು, ಕೆವೈಸಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಇಳಿಸುವ ಫೈಲ್) ಕಳಿಸುವವರು ಕಳ್ಳರೇ. ಇನ್ನೊಂದು ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ನೋಡಿ ಬಂದ ನೋಟಿಸ್ ಜಿಎಸ್‌ಟಿಯದು. ಅದಕ್ಕೂ ಈ ಸೈಬರ್ ತಡೆಗೂ ಸಂಬಂಧವಿಲ್ಲ.

ಹಂತ 4: ಮುಂದೆ ಆಗದಂತೆ

‘ಅಣ್ಣ, ಐದು ಸಾವಿರ ಫೋನ್‌ಪೇ ಮಾಡ್ತೀನಿ, ಕ್ಯಾಷ್ ಕೊಡ್ತೀರಾ?’ ಹೆದ್ದಾರಿ ಬದಿಯ ಹೋಟೆಲು, ಮೆಡಿಕಲ್ ಶಾಪುಗಳಲ್ಲಿ ಅಪರಿಚಿತರು ಹೀಗೆ ಕೇಳಿದಾಗ ಉಪಕಾರವೆಂದು ಕೊಟ್ಟುಬಿಡುತ್ತೇವೆ. ಕೇಳುವವರೆಲ್ಲ ಕಳ್ಳರಲ್ಲ. ಆದರೆ ಕದ್ದ ಹಣವನ್ನು ನೋಟು ಮಾಡಿಕೊಳ್ಳುವ ಸುಲಭದ ದಾರಿಯೂ ಇದೇ, ಮತ್ತು ಆ ಐದು ಸಾವಿರಕ್ಕೆ ತೋರಿಸಲು ನಿಮ್ಮಲ್ಲಿ ಬಿಲ್ಲು ಇರುವುದಿಲ್ಲ. ಗುರುತಿಲ್ಲದವರಿಗೆ ‘ಇಲ್ಲ’ ಎನ್ನಿ.

ಅಂಗಡಿಗೊಂದು, ಮನೆಗೊಂದು ಖಾತೆ ಇಟ್ಟುಕೊಳ್ಳಿ. ಒಂದಕ್ಕೆ ತಡೆ ಬಿದ್ದರೂ ಮಕ್ಕಳ ಫೀಸು, ಆಸ್ಪತ್ರೆಯ ಖರ್ಚು ನಿಲ್ಲುವುದಿಲ್ಲ. ಕಾಲೇಜು ಹುಡುಗರಿಗೆ ಕಮಿಷನ್ ಆಸೆ ತೋರಿಸಿ ಪಾಸ್‌ಬುಕ್, ಸಿಮ್ ಬಾಡಿಗೆಗೆ ಕೇಳುವವರಿದ್ದಾರೆ. ಕೊಟ್ಟರೆ ಫ್ರೀಜ್‌ಗೆ ಮುಗಿಯುವುದಿಲ್ಲ, ಕೇಸಿನಲ್ಲಿ ಹೆಸರೇ ಸೇರುತ್ತದೆ. ಗೊತ್ತಿಲ್ಲದವರಿಂದ ಹಣ ಬಂದು, ‘ತಪ್ಪಿ ಹಾಕಿದೆ, ಈ ನಂಬರಿಗೆ ವಾಪಸ್ ಹಾಕಿ’ ಎಂಬ ಫೋನ್ ಬಂದರೆ ಹಾಕಬೇಡಿ, ಖರ್ಚೂ ಮಾಡಬೇಡಿ. ಬಂದ ಖಾತೆಗೇ ಹಿಂದಿರುಗಿಸುವಂತೆ ಬ್ಯಾಂಕಿಗೆ ಅದೇ ದಿನ ಲಿಖಿತವಾಗಿ ತಿಳಿಸಿ, ಸೀಲಿನ ಪ್ರತಿಯನ್ನು ಇಟ್ಟುಕೊಳ್ಳಿ.