ಫ್ಲಾಟ್ ಬೇಕಾ ಅಂತ ಫೋನ್ ಮಾಡುವ ಮೊದಲು ಒಪ್ಪಿಗೆ ಪಡೆಯುವುದು ಹೇಗೆ?

ಮಂಗಳೂರಿನ ಬಿಜೈಯಲ್ಲಿ ನಮ್ಮದು ಮೂರು ಕುರ್ಚಿಯ ಸಣ್ಣ ರಿಯಲ್ ಎಸ್ಟೇಟ್ ಆಫೀಸು. 2019ರಲ್ಲಿ ಒಬ್ಬರಿಗೆ ದೇರೆಬೈಲಿನಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್ ಕೊಡಿಸಿದೆವು. ಮನೆ ಒಕ್ಕಲಿಗೆ ಕರೆದರು, ಹೋಗಿ ಹೊಟ್ಟೆ ತುಂಬ ಉಂಡೂ ಬಂದೆವು. ಅದಾಗಿ ಎರಡು ವರ್ಷ ನಮ್ಮ ಹುಡುಗ ಅವರಿಗೆ ಫೋನ್ ಮಾಡುತ್ತಲೇ ಇದ್ದ: ‘ಸರ್, ಫ್ಲಾಟ್ ನೋಡ್ತಿದ್ದೀರಾ?’ ಕೊನೆಗೆ ಅವರು ನನಗೇ ಫೋನ್ ಮಾಡಿದರು. ‘ಮಾರಾಯ್ರೆ, ನೀವೇ ಕೊಡಿಸಿದ ಮನೆಯಲ್ಲಿ ಕೂತು ಮಾತಾಡ್ತಿದ್ದೇನೆ. ಇನ್ನೆಷ್ಟು ಮನೆ ಬೇಕು ನನಗೆ?’

ತಪ್ಪು ಹುಡುಗನದ್ದಲ್ಲ. ನಮ್ಮ ಪುಸ್ತಕದಲ್ಲಿ ಹೆಸರು, ನಂಬರ್ ಎರಡೇ ಇತ್ತು. ಯಾಕೆ ಕೊಟ್ಟರು, ಯಾವಾಗ ಕೊಟ್ಟರು, ಎಷ್ಟರ ಮಟ್ಟಿಗೆ ಕೊಟ್ಟರು ಅನ್ನುವುದು ಇರಲಿಲ್ಲ.

ಮೊದಲು ನಂಬರ್‌ಗಳನ್ನು ಮೂರು ರಾಶಿ ಮಾಡಿ

ತಾವಾಗಿ ವಿಚಾರಿಸಿದವರು ಒಂದು ರಾಶಿ. ನಿಮ್ಮ ಮೂಲಕ ಕೊಂಡವರು, ಬಾಡಿಗೆಗೆ ಹೋದವರು ಇನ್ನೊಂದು. ಮೂರನೆಯದು ಹೇಗೋ ಸಿಕ್ಕ ನಂಬರ್‌ಗಳು: ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಪಟ್ಟಿ, ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟ ‘ಗಲ್ಫ್ ಡೇಟಾ’ (ಗಲ್ಫಿನಲ್ಲಿರುವ ನಮ್ಮೂರವರ ನಂಬರ್‌ಗಳು), ಮಾಲ್‌ನಲ್ಲಿ ಇಟ್ಟ ಲಕ್ಕಿ ಡ್ರಾ ಡಬ್ಬಿ. ಈ ಮೂರನೇ ರಾಶಿಯನ್ನು ಅಳಿಸಿಬಿಡಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಮಿಕ್ಸಿ ಗೆಲ್ಲುವ ಆಸೆಗೆ ಚೀಟಿ ಹಾಕಿದವರು ಸುರತ್ಕಲ್‌ನ ಸೈಟಿನ ಬಗ್ಗೆ ಕೇಳಲು ಒಪ್ಪಿದ್ದಾರೆ ಅಂತ ಹೇಳಲಾಗುವುದಿಲ್ಲ ಅಲ್ವಾ?

ಮೊದಲ ರಾಶಿಯವರ ಬಗ್ಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಉದಾಹರಣೆ ಇದೆ. ಓದಿದಾಗ ನಮ್ಮ ಆಫೀಸಿನ ಕಥೆಯೇ ಅನಿಸಿತು. ಒಬ್ಬರು ಬಾಡಿಗೆ ಮನೆ ಹುಡುಕಿಕೊಡಿ ಅಂತ ಬ್ರೋಕರ್‌ಗೆ ಮೆಸೇಜ್ ಮಾಡಿ ತಮ್ಮ ವಿವರ ಕೊಡುತ್ತಾರೆ. ಬ್ರೋಕರ್ ಆ ವಿವರ ಬಳಸಿ ಮನೆ ಹುಡುಕಿ ತಿಳಿಸಬಹುದು. ಇನ್ನು ಬೇಡ ಅಂತ ಅವರು ಹೇಳಿದ ಮೇಲೆ ಆ ಕೆಲಸಕ್ಕೆ ವಿವರ ಬಳಸುವುದನ್ನು ನಿಲ್ಲಿಸಬೇಕು. ಅಂದರೆ ಮಗಳ ಕಾಲೇಜಿಗಾಗಿ ಮಣಿಪಾಲದಲ್ಲಿ ಬಾಡಿಗೆ ಮನೆ ಕೇಳಿದ ತಾಯಿಗೆ ಬಾಡಿಗೆ ಮನೆಯ ಸುದ್ದಿ ಹೇಳಿ. ಮಲ್ಪೆಯ ವಿಲ್ಲಾ ಸುದ್ದಿ ಹೇಳಬೇಕಿದ್ದರೆ ಬೇರೆಯಾಗಿ ಕೇಳಿ. ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಒಪ್ಪಿಗೆಯ ಭಾಗ ಜಾರಿಯಾಗುವುದು ಅಲ್ಲಿಂದ 18 ತಿಂಗಳಿಗೆ. ಟೈಮ್ ಇದೆ ಅಂತ ಸುಮ್ನೆ ಕೂರಬೇಡಿ, ಪುಸ್ತಕ ಸರಿ ಮಾಡಲು ನಮಗೇ ನಾಲ್ಕು ತಿಂಗಳು ಹಿಡಿಯಿತು.

ಫಾರಂ ಹೀಗಿರಲಿ

ಸೈಟ್ ನೋಡಲು ಬಂದವರಿಗೆ ಕೊಡುವ ಫಾರಂನ ಕೆಳಗೆ ನಾವು ಇಷ್ಟು ಬರೆದಿದ್ದೇವೆ:

‘ನಾನು ಇವತ್ತು ಕೇಳಿದ ಮನೆಯ ಬಗ್ಗೆ ನನಗೆ ಫೋನ್ ಮಾಡಬಹುದು. □
ಮುಂದೆ ಬರುವ ಬೇರೆ ಪ್ರಾಜೆಕ್ಟ್‌ಗಳ ಬಗ್ಗೆಯೂ ತಿಳಿಸಬಹುದು: ಫೋನ್ □ ಎಸ್ಸೆಮ್ಮೆಸ್ □ ವಾಟ್ಸಾಪ್ □
ಬೇಡವಾದಾಗ ಇದೇ ನಂಬರಿಗೆ “ಬೇಡ” ಎಂದು ಕಳಿಸಿದರೆ ನಿಲ್ಲಿಸುತ್ತೇವೆ.’

ಡಬ್ಬಗಳು ಖಾಲಿ ಇರಬೇಕು. ಮೊದಲೇ ಟಿಕ್ ಹಾಕಿ ಪ್ರಿಂಟ್ ಮಾಡಿಸಿದರೆ ಅದು ಅವರ ಒಪ್ಪಿಗೆ ಅಲ್ಲ, ನಿಮ್ಮದು. ಎರಡನೇ ಸಾಲಿಗೆ ಟಿಕ್ ಹಾಕದವರಿಗೂ ಮನೆ ತೋರಿಸಲೇಬೇಕು. ಇನ್ನೊಂದು ಮಾತು: ಫಾರಂ ಕನ್ನಡದಲ್ಲೂ ಇರಲಿ. ವಿವರ ಯಾಕೆ ಕೇಳುತ್ತೇವೆ ಅಂತ ತಿಳಿಸುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಬೇಕಾದ್ದರಲ್ಲಿ ಓದುವ ಅವಕಾಶ ಕೊಡಬೇಕು ಅನ್ನುತ್ತದೆ ಕಾಯ್ದೆ. ಕನ್ನಡ, ಕೊಂಕಣಿ ಆ ಪಟ್ಟಿಯಲ್ಲಿವೆ. ತುಳು ಇಲ್ಲ, ಅದು ಬೇರೆಯೇ ಬೇಜಾರು. ಬಾಯಲ್ಲಿ ತುಳುವಿನಲ್ಲೇ ವಿವರಿಸಿ, ಸಹಿ ಕನ್ನಡ ಫಾರಂಗೆ ಹಾಕಿಸಿಕೊಳ್ಳಿ.

ತುಂಬಿದ ಫಾರಂನ ಫೋಟೋ ತೆಗೆದಿಡಿ. ತಾರೀಕು, ಜಾಗ, ಕೇಳಿದವರ ಹೆಸರು ಬರೆದಿಡಿ. ಜಗಳ ಬಂದಾಗ ಒಪ್ಪಿಗೆ ಇತ್ತು ಅಂತ ತೋರಿಸಬೇಕಾದವರು ನಾವು, ಗಿರಾಕಿ ಅಲ್ಲ.

ಫೋನು, ಎಸ್ಸೆಮ್ಮೆಸ್ಸಿನ ಲೆಕ್ಕ ಬೇರೆ

ಇಲ್ಲಿ ನಡೆಯುವುದು ಟೆಲಿಕಾಂ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ 2018ರ ನಿಯಮ. ಪ್ರಚಾರದ ಕರೆ, ಮೆಸೇಜು ಬೇಡ ಅನ್ನುವವರು ನೋಂದಾಯಿಸುವ ಡಿಎನ್‌ಡಿಯಲ್ಲಿ ರಿಯಲ್ ಎಸ್ಟೇಟ್‌ಗೇ ಒಂದು ಪ್ರತ್ಯೇಕ ವಿಭಾಗ ಇದೆ ಅಂದರೆ ನಮ್ಮ ಕೀರ್ತಿ ಎಷ್ಟು ಹಬ್ಬಿದೆ ನೋಡಿ. ಪ್ರಚಾರದ ಎಸ್ಸೆಮ್ಮೆಸ್ ಗುಂಪಾಗಿ ಕಳಿಸಬೇಕಿದ್ದರೆ ಟೆಲಿಕಾಂ ಕಂಪನಿಯ ಡಿಎಲ್‌ಟಿ ಅನ್ನುವ ನೋಂದಣಿ ಪೋರ್ಟಲ್‌ನಲ್ಲಿ ಮೊದಲು ನಿಮ್ಮ ಸಂಸ್ಥೆ, ಆಮೇಲೆ ಕಳಿಸುವವರ ಹೆಸರಾದ ಹೆಡರ್, ಆಮೇಲೆ ಮೆಸೇಜಿನ ಟೆಂಪ್ಲೇಟ್ ನೋಂದಾಯಿಸಿ. ಗಿರಾಕಿಯ ಒಪ್ಪಿಗೆಯನ್ನೂ ಅಲ್ಲೇ ದಾಖಲಿಸುವ ವ್ಯವಸ್ಥೆ ಇದೆ. ಒಪ್ಪಿಗೆ ಕೇಳುವ ಮೆಸೇಜು 127ರಿಂದ ಶುರುವಾಗುವ ನಂಬರಿನಿಂದ ಹೋಗುತ್ತದೆ. ಪ್ರಚಾರದ ಕರೆಗೆ 140ರಿಂದ ಶುರುವಾಗುವ ನಂಬರ್ ಬೇಕು.

ಹುಡುಗರ ಕೈಗೆ ಮಾಮೂಲಿ ಹತ್ತಂಕಿಯ ಸಿಮ್ ಕೊಟ್ಟು ದಿನಕ್ಕೆ ಇನ್ನೂರು ಫೋನ್ ಮಾಡಿಸುವುದು ನಮ್ಮೂರಲ್ಲಿ ಜಾಸ್ತಿ. ಅದೇ ಅಪಾಯ. 2025ರ ಫೆಬ್ರವರಿಯ ತಿದ್ದುಪಡಿಯ ಪ್ರಕಾರ 10 ದಿನದೊಳಗೆ 5 ದೂರು ಬಂದರೆ ಸಾಕು, ಕ್ರಮ ಶುರು. ಮೊದಲ ಸಲಕ್ಕೆ ನಿಮ್ಮ ಎಲ್ಲ ನಂಬರ್‌ಗಳ ಹೊರಹೋಗುವ ಕರೆ 15 ದಿನ ಬಂದ್. ಮತ್ತೆ ತಪ್ಪಿದರೆ ಎಲ್ಲ ಕಂಪನಿಗಳಲ್ಲೂ ಒಂದು ವರ್ಷ ಕಟ್. ಗಿರಾಕಿಗೆ ದೂರು ಕೊಡಲು 7 ದಿನ ಸಮಯ ಇದೆ, 1909ಕ್ಕೆ ಒಂದು ಫೋನ್ ಮಾಡಿದರಾಯಿತು.

ವಾಟ್ಸಾಪ್‌ನಲ್ಲಿ ಈ ಡಿಎಲ್‌ಟಿ ರಗಳೆ ಇಲ್ಲ. ಆದರೆ ಕೇಳದೆ ಗ್ರೂಪಿಗೆ ಸೇರಿಸುವುದು ಬೇಡ. ನಂಬರ್ ನಿಮಗೆ ಸಿಕ್ಕಿದ್ದು ಸರಿ, ಉಳಿದ ಇನ್ನೂರು ಜನರಿಗೆ ಯಾಕೆ ಕಾಣಬೇಕು? ಇನ್ನು ಗಲ್ಫಿನವರು ಒಪ್ಪಿಗೆ ಕೊಟ್ಟಿದ್ದರೂ ಗಡಿಯಾರ ನೋಡಿ. ಇಲ್ಲಿ ಬೆಳಿಗ್ಗೆ ಒಂಬತ್ತು ಅಂದರೆ ದುಬೈಯಲ್ಲಿ ಏಳೂವರೆ, ಸೌದಿಯಲ್ಲಿ ಆರೂವರೆ.

‘ಬೇಡ’ ಬಂದ ದಿನ

ಅದೇ ದಿನ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯಿರಿ, ಫೋನಿನಲ್ಲೂ ಎಲ್ಲ ಹುಡುಗರ ಪಟ್ಟಿಯಲ್ಲೂ. ನಮ್ಮಲ್ಲಿ ಒಬ್ಬ ಅಳಿಸಿ ಇನ್ನೊಬ್ಬ ಫೋನ್ ಮಾಡಿದ್ದೂ ಇದೆ. ಒಮ್ಮೆ ಬೇಡ ಅಂದವರನ್ನು 90 ದಿನ ಮತ್ತೆ ಒಪ್ಪಿಗೆ ಕೊಡಿ ಅಂತ ಕೇಳುವಂತಿಲ್ಲ. ಅವರಾಗಿ ಬಂದರೆ ಅಡ್ಡಿಯಿಲ್ಲ.

ಪೂರ್ತಿ ಪಟ್ಟಿ ತಿರುವಿ ನೋಡಲು ನಾವು ತುಳುನಾಡಿನ ಆಟಿ ತಿಂಗಳು (ಜುಲೈ-ಆಗಸ್ಟ್) ಇಟ್ಟುಕೊಂಡಿದ್ದೇವೆ. ಆಗ ಹೇಗೂ ನಮ್ಮ ಕಡೆ ಯಾರೂ ಮನೆ ಕೊಳ್ಳುವುದಿಲ್ಲ, ಹೊರಗೆ ಧೋ ಅಂತ ಮಳೆ. ಕಳೆದ ಆಟಿಯಲ್ಲಿ ಕೂತು ನೋಡಿದರೆ ದೇರೆಬೈಲಿನ ಆ ಹಳೇ ಗಿರಾಕಿಯ ನಂಬರ್ ಇನ್ನೊಂದು ಪುಸ್ತಕದಲ್ಲಿ, ಇವತ್ತೋ ನಾಳೆಯೋ ಕೊಳ್ಳುವವರ ಸಾಲಿನಲ್ಲಿ, ‘ಹಾಟ್ ಲೀಡ್’ ಅಂತ ಹಾಗೇ ಇತ್ತು.