ಆ್ಯಪ್‌ಗೆ ಅಂತ ಅರ್ಜಿ ಹಾಕಿ, ಕೊನೆಗೆ ಫೋನ್ ಮಾಡೋ ಅಕ್ಕನ ಸಂಬಳ ಕೇಳಿದ್ದು

ನಾನು ಶಿವಮೊಗ್ಗದಲ್ಲಿ ಕೌನ್ಸೆಲಿಂಗ್ ಮಾಡೋಳು, ನಮ್ಮದು ಸಣ್ಣ ಟ್ರಸ್ಟು, ನಾಲ್ಕೇ ಜನ. ಹೊಸನಗರ, ಸಾಗರ ಕಡೆ ಹಳ್ಳಿಗಳಿಂದ ಬಂದೋರು ಎರಡನೇ ಸಲ ಬರೋದೇ ಕಮ್ಮಿ. ಬಸ್ಸಿಗೇ ಅರ್ಧ ದಿನ ಹೋಗುತ್ತೆ, ಅದರ ಮೇಲೆ ಊರಲ್ಲಿ "ಪೇಟೆಗೆ ಎಂತಕ್ಕೆ ಹೋಗಿದ್ದೆ" ಅಂತ ಕೇಳಿದ್ರೆ ಏನು ಹೇಳೋದು? 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ಚಿಕಿತ್ಸೆ ಸಿಗದೇ ಇರೋರು ಕಾಯಿಲೆ ಮೇಲೆ 70ರಿಂದ 92 ಪರ್ಸೆಂಟ್. ಅದನ್ನ ಓದೋಕೆ ಮುಂಚೆನೇ ನಮ್ಮ ರಿಜಿಸ್ಟರ್ ನೋಡಿ ನಂಗೆ ಅಂದಾಜಿತ್ತು ಬಿಡಿ.

ಸರಿ, ಎಲ್ರಿಗೂ ಬರೋ ಐಡಿಯಾನೇ ನಂಗೂ ಬಂತು, ಆ್ಯಪ್ ಮಾಡೋಣ ಅಂತ. ಒಂದೂವರೆ ತಿಂಗಳು ಕೂತು ಅನುದಾನಕ್ಕೆ ಅರ್ಜಿ ಬರ್ದೆ, ಚಾಟ್‌ಬಾಟ್ ಇರುತ್ತೆ, ಚಂದದ ಚಿತ್ರ ಇರುತ್ತೆ, ಲಕ್ಷಾಂತರ ಜನಕ್ಕೆ ತಲುಪುತ್ತೆ ಅಂತೆಲ್ಲ, ಬಜೆಟ್‌ನ ಮುಕ್ಕಾಲು ಪಾಲು ಸಾಫ್ಟ್‌ವೇರ್ ಮಾಡೋರಿಗೆ. ರಿಜೆಕ್ಟ್ ಆಯ್ತು. ರಿವ್ಯೂ ಮಾಡಿದೋರು ಒಂದೇ ಸಾಲು ಬರ್ದಿದ್ರು, ಒಂದು ತಿಂಗಳಾದ ಮೇಲೆ ಇದನ್ನ ಎಷ್ಟು ಜನ ತೆರೆದು ಬಳಸ್ತಾರೆ ಅಂತ. ಎರಡು ದಿನ ಸಿಟ್ಟಲ್ಲಿದ್ದೆ, ಆಮೇಲೆ ಹುಡುಕಿ ಓದಿದ್ರೆ ಅವರದ್ದೇ ಸರಿ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 93 ಮಾನಸಿಕ ಆರೋಗ್ಯದ ಆ್ಯಪ್ ನೋಡಿದಾರೆ, 30 ದಿನ ಆದಮೇಲೂ ತೆರೆದು ಬಳಸೋರು 3.3 ಪರ್ಸೆಂಟ್. ಅಮೆರಿಕಾದ ಪೇರ್ ಥೆರಪ್ಯೂಟಿಕ್ಸ್‌ನೋರು 2017ರಲ್ಲೇ ತಮ್ಮ ಚಿಕಿತ್ಸೆಯ ಆ್ಯಪ್‌ಗೆ ಎಫ್‌ಡಿಎ (ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ) ಒಪ್ಪಿಗೆ ತಗೊಂಡಿದ್ರು, 2023ರಲ್ಲಿ ದಿವಾಳಿ. ಮಾಡೋಕೆ ದುಡ್ಡು ಸಿಕ್ತು, ಬಳಸೋದಕ್ಕೆ ದುಡ್ಡು ಕೊಡೋರು ಸಾಕಷ್ಟು ಸಿಗಲಿಲ್ಲ.

ಆಮೇಲೆ ಮಾಡಬೇಕಾಗಿದ್ದನ್ನ ಮಾಡ್ದೆ, ಹಳ್ಳಿಗೆ ಹೋಗಿ ಕೂತೆ. ಅಲ್ಲಿ ನೋಡಿದ್ರೆ ಹೆಂಗಸರ ಹತ್ರ ಸ್ವಂತ ಫೋನೇ ಇಲ್ಲ, ಇರೋ ಒಂದು ಮಗನ ಕೈಲಿ. ಮೆಸೇಜ್ ಕಳಿಸಿದ್ರೆ ಮೊದಲು ಓದೋನು ಅವನೇ. ನೆಟ್‌ವರ್ಕು ಮನೆ ಹಿಂದಿನ ಗುಡ್ಡದ ಮೇಲೆ ಒಂದು ಕಲ್ಲಿದೆ, ಅದರ ಮೇಲೆ ನಿಂತ್ರೆ ಮಾತ್ರ. ಮಳೇಲಿ ಕರೆಂಟ್ ಹೋದ್ರೆ ಸ್ವಲ್ಪ ಹೊತ್ತಿಗೆ ಟವರೂ ಸುಮ್ನಾಗುತ್ತೆ. ಆ್ಯಪ್ ಅಲ್ಲಿಗೇ ಕೈಬಿಟ್ವಿ. ಬದಲಿಗೆ ಮಿಸ್ಡ್ ಕಾಲ್ ಕೊಟ್ರೆ ವಾಪಸ್ ಫೋನ್ ಬರುತ್ತೆ, ಎಂಟು ನಿಮಿಷದ ರೆಕಾರ್ಡಿಂಗ್ ಕೇಳಬಹುದು, ವಾರಕ್ಕೊಂದ್ಸಲ ನಾವು ಸಂಬಳಕ್ಕೆ ಇಟ್ಕೊಂಡ ಅಕ್ಕ ಒಬ್ಳು ಫೋನ್ ಮಾಡಿ ಮಾತಾಡ್ತಾಳೆ, ಇಷ್ಟೇ. ಒಳಗಿನ ಸರಕು ಬಿಹೇವಿಯರಲ್ ಆ್ಯಕ್ಟಿವೇಶನ್ ಅನ್ನೋ ಡಿಪ್ರೆಶನ್ ಚಿಕಿತ್ಸೆ, ಅಂದ್ರೆ ಮನಸ್ಸು ಸರಿಯಾಗ್ಲಿ ಆಮೇಲೆ ಮಾಡ್ತೀನಿ ಅಂತ ಕಾಯದೆ, ಬಿಟ್ಟುಹೋದ ಸಣ್ಣ ಕೆಲ್ಸನ ಮೊದ್ಲು ಶುರು ಮಾಡೋದು, ಹೂವಿನ ಗಿಡಕ್ಕೆ ನೀರು ಹಾಕೋದು, ಪಕ್ಕದ ಮನೆಗೆ ಹೋಗಿಬರೋದು, ಇಂಥದ್ದು. ಇದು ನನ್ನ ತಲೇಲಿ ಹುಟ್ಟಿದ್ದಲ್ಲ. ಗೋವಾದಲ್ಲಿ ಸಂಗತ್ ಸಂಸ್ಥೆಯೋರು ಡಾಕ್ಟರ್ ಅಲ್ಲದ, ತರಬೇತಿ ಕೊಟ್ಟ ಸಾಮಾನ್ಯ ಜನರ ಕೈಲೇ ಇದನ್ನ ಮಾಡಿಸಿ 495 ರೋಗಿಗಳ ಟ್ರಯಲ್ ಮಾಡಿದ್ರು, ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದಿದೆ. ನಮ್ಮ ಜಿಲ್ಲೆಯಲ್ಲೇ ತೀರ್ಥಹಳ್ಳಿ ತಾಲ್ಲೂಕಲ್ಲಿ ನಿಮ್ಹಾನ್ಸ್‌ನೋರು ಸ್ಕಿಜೋಫ್ರೇನಿಯಾ ಇರೋರ ಜೊತೆ ವರ್ಷಗಟ್ಟಲೆ ಕೆಲ್ಸ ಮಾಡಿದಾರೆ, ಹಂಗಾಗಿ ಹಳ್ಳೀಲಿ ಇಂಥದ್ದು ಆಗಲ್ಲ ಅನ್ನೋಕೆ ಬರಲ್ಲ.

ಈಗ ದುಡ್ಡಿನ ವಿಷ್ಯ. ವಿದೇಶಿ ಫಂಡ್‌ಗೆ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ಕಾನೂನಿನ ನೋಂದಣಿ, ಬೇಕು, ಅದಕ್ಕೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿರಬೇಕು. ನಮ್ಮ ಹತ್ರ ಎಲ್ಲಿ ಬರ್ಬೇಕು ಮಾರಾಯ್ರೆ. ಎಫ್‌ಸಿಆರ್‌ಎ ಇರೋ ಬೇರೆಯೋರು ತಗೊಂಡು ನಮಗೆ ದಾಟಿಸ್ತಾರಾ ಅಂದ್ರೆ 2020ರ ತಿದ್ದುಪಡಿ ಆದಮೇಲೆ ಅದೂ ನಿಷೇಧ. ಸಿಎಸ್‌ಆರ್‌ಗೆ, ಅಂದ್ರೆ ಕಂಪನಿಗಳ ಸಮಾಜಸೇವೆ ದುಡ್ಡಿಗೆ, ಹೋದೆ, ಒಂದು ಕಂಪನಿಯೋರು ಟ್ಯಾಬ್ಲೆಟ್ ಕೊಡ್ತೀವಿ, ಹಿಂದೆ ಲೋಗೋ ಇರಬೇಕು, ಹಂಚೋ ದಿನದ ಫೋಟೋ ಬೇಕು ಅಂದ್ರು, ಫೋನ್ ಮಾಡೋ ಹೆಂಗಸಿನ ಸಂಬಳ ಮಾತ್ರ ಆಗಲ್ವಂತೆ. ಡಿಪ್ರೆಶನ್ ಇರೋರನ್ನ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯೋದಾ! ಕೊನೆಗೆ ಒಂದು ಮೆಡಿಕಲ್ ಕಾಲೇಜಿನ ಪ್ರೊಫೆಸರ್‌ನ ಪಿಐ (ಮುಖ್ಯ ಸಂಶೋಧಕ) ಮಾಡ್ಕೊಂಡು, ಸರ್ಕಾರಿ ಸಂಶೋಧನಾ ದುಡ್ಡಿಗೆ ಪೈಲಟ್ ಅಂತ ಅರ್ಜಿ ಹಾಕಿದ್ವಿ.

ಪೈಲಟ್ ಅಂತ ಯಾಕೆ ಅಂದ್ರೆ ಲೆಕ್ಕ ಹಾಗಿದೆ. ಸಾಧಾರಣ ಪರಿಣಾಮ, ಎಫೆಕ್ಟ್ ಸೈಜ್ 0.3 ಅಂತ ಇಟ್ಕೊಂಡ್ರೂ 80 ಪರ್ಸೆಂಟ್ ಪವರ್‌ಗೆ (ಪರಿಣಾಮ ನಿಜವಾಗ್ಲೂ ಇದ್ರೆ ಹತ್ರಲ್ಲಿ ಎಂಟು ಸಲ ಕಣ್ಣಿಗೆ ಬೀಳೋ ಹಾಗೆ) ಒಂದೊಂದು ಗುಂಪಿಗೆ ಸುಮಾರು 175 ಜನ ಬೇಕು, ಐದ್ರಲ್ಲಿ ಒಬ್ರು ಮಧ್ಯ ಬಿಟ್ಟುಹೋಗ್ತಾರೆ ಅಂದ್ರೆ 220 ಹತ್ರ. ನಾವು 40 ಜನ ಅಂತ ಬರ್ದು, ಕೆಲ್ಸ ಮಾಡುತ್ತೋ ಇಲ್ವೋ ಅನ್ನೋದನ್ನ ಹೇಳಲ್ಲ, ಜನ ಕೇಳ್ತಾರಾ, ಉಳೀತಾರಾ, ಅಷ್ಟೇ ನೋಡ್ತೀವಿ ಅಂದ್ವಿ. ಸಣ್ಣದಾಗಿ ಕೇಳಿದ್ದಕ್ಕೇ ಸಿಕ್ಕಿದ್ದು ಅಂತ ನಂಗೆ ಈಗ್ಲೂ ಅನ್ಸುತ್ತೆ.

ಎಥಿಕ್ಸ್ ಕಮಿಟಿಯೋರು ಜಾಸ್ತಿ ಹಿಡ್ಕೊಂಡಿದ್ದು ಪಿಎಚ್‌ಕ್ಯು-9 ಅನ್ನೋ ಡಿಪ್ರೆಶನ್ ಅಳೆಯೋ ಪ್ರಶ್ನಾವಳಿಯ ಒಂಬತ್ತನೇ ಪ್ರಶ್ನೆಗೆ, ಸಾಯೋ ಯೋಚನೆ ಬರುತ್ತಾ ಅನ್ನೋದು. ರಾತ್ರಿ ಹತ್ತಕ್ಕೆ ಒಬ್ರು ಹೌದು ಅಂದ್ರೆ ಯಾರು ಎತ್ತೋರು? ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಕೊಡ್ತೀವಿ ಅಂತ ಮಾತ್ರ ಬರೆದಿದ್ವಿ, ಅದು ಸಾಲದು, ನಿಮ್ಮ ಕಡೆಯಿಂದ ಒಬ್ರ ಹೆಸರು, ನಂಬರ್ ಬೇಕು ಅಂದ್ರು. ಒಳ್ಳೇದೇ ಆಯ್ತು, ಆ ಡ್ಯೂಟಿಗೂ ದುಡ್ಡು ಕೇಳೋಕೆ ದಾರಿ ಸಿಕ್ತು. ಏಳನೇ ಪ್ರಶ್ನೇಲಿ ಪೇಪರ್ ಓದುವಾಗ, ಟಿವಿ ನೋಡುವಾಗ ಗಮನ ಇರುತ್ತಾ ಅಂತಿದೆ. ಒಬ್ಬರು ಅಮ್ಮ "ಪೇಪರ್ ಎಲ್ಲಿ ಓದ್ತೀನಿ, ಸಾರಿಗೆ ಎರಡೆರಡು ಸಲ ಉಪ್ಪು ಹಾಕ್ತೀನಿ" ಅಂದ್ರು. ಪ್ರಶ್ನೆ ಬದಲಾಯಿಸೋ ಹಾಗಿಲ್ಲ, ಹಾಗೇ ಕೇಳಿ ಉಪ್ಪಿನ ಮಾತು ಪಕ್ಕದಲ್ಲಿ ಬರ್ಕೊಂಡ್ವಿ. ಮೊದಲನೇ ವ್ಯಕ್ತಿನ ಸೇರಿಸ್ಕೊಳ್ಳೋ ಮುಂಚೆ ಸಿಟಿಆರ್‌ಐನಲ್ಲಿ (ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿ) ರಿಜಿಸ್ಟ್ರೇಶನ್ ಮುಗಿಸ್ಬೇಕು, ಇದು ನೆನಪಿರ್ಲಿ, ಆಮೇಲೆ ಮಾಡೋಕೆ ಬರಲ್ಲ.

ಮೊದಲ ಕಂತು ಬಂದಿದ್ದು ಜೂನ್‌ನಲ್ಲಿ, ಮಳೆ ಹಿಡಿದಾಗ. ಅಡಿಕೆ ಕೊಯ್ಲಿನ ಹೊತ್ತಿಗೆ ಮಾತ್ರ ನಾವು ಯೋಚನೆನೇ ಮಾಡದೇ ಇದ್ದದ್ದೊಂದು ಗೊತ್ತಾಯ್ತು. ರಾತ್ರಿ ಅಡಿಕೆ ಸುಲಿಯೋಕೆ ಕೂತಾಗ ಸ್ಪೀಕರ್ ಹಾಕಿ ಕೇಳ್ತಿದಾರೆ, ಎಂಟ್ಹತ್ತು ಹೆಂಗಸರು ಒಟ್ಟಿಗೆ! ಗೌಪ್ಯತೆ ಬಗ್ಗೆ ನಾವು ಬರೆದ ನಾಲ್ಕು ಪುಟ ನೆನಪಾಯ್ತು. ರೆಕಾರ್ಡಿಂಗಲ್ಲಿ ಯಾರ ಹೆಸರೂ ಇಲ್ಲ, ಕಥೆ ಥರ ಇದೆ, ಅದು ನಡೀತು. ಅಕ್ಕನ ಫೋನ್ ಮಾತ್ರ ಗುಡ್ಡದ ಕಲ್ಲಿನ ಹತ್ರ, ಒಬ್ಬೊಬ್ರೇ.

ಪೈಲಟ್‌ನಲ್ಲಿ ಎರಡು ಗುಂಪು ಮಾಡಿದ್ವಿ, ಬರೀ ರೆಕಾರ್ಡಿಂಗ್ ಕೊಟ್ಟ ಗುಂಪಲ್ಲಿ ಜನ ಬೇಗ ಬಿಟ್ರು, ಅಕ್ಕ ಫೋನ್ ಮಾಡಿದ ಗುಂಪಲ್ಲಿ ಜಾಸ್ತಿ ಉಳಿದ್ರು. 40 ಜನದ ಮೇಲೆ ಇದನ್ನ ಸಾಬೀತು ಅಂತ ಕರೆಯಲ್ಲ, ಆದ್ರೆ ಮುಂದಿನ ಬಜೆಟ್ ಬರೆಯೋಕೆ ಸಾಕು. ಎರಡನೇ ಕಂತಿಗೆ ಯುಸಿ (ದುಡ್ಡು ಬಳಸಿದ ಪ್ರಮಾಣಪತ್ರ) ಕಳಿಸಿ ಕಾಯೋದು ಒಂದು ಶಿಕ್ಷೆ, ಆ ತಿಂಗಳುಗಳಲ್ಲಿ ಅಕ್ಕನ ಸಂಬಳಕ್ಕೆ ನಾವು ನಾಲ್ಕೂ ಜನ ಕೈಯಿಂದ ಹಾಕಿದ್ವಿ, ಹೊಸದಾಗಿ ಶುರು ಮಾಡೋರು ಮೂರು ತಿಂಗಳ ಸಂಬಳ ಬೇರೆ ಇಟ್ಕೊಳ್ಳಿ.

ದೊಡ್ಡ ಟ್ರಯಲ್‌ಗೆ ಹೊಸ ಅರ್ಜಿ ಹೋಗಿದೆ. ಬಜೆಟ್‌ನ ಮೊದಲ ಸಾಲು ಫೋನ್ ಮಾಡೋರ ಸಂಬಳ, ಸಾಫ್ಟ್‌ವೇರ್ ಏಳನೇ ಸಾಲು. ಇದರಲ್ಲಿ ಎಐ ಎಲ್ಲಿದೆ ಅಂತ ಒಬ್ರು ಆಗ್ಲೇ ಕೇಳಿದಾರೆ, ಉತ್ತರ ಬರೀತಾ ಇದೀನಿ. ಪೈಲಟ್ ಮುಗಿದು ಐದು ತಿಂಗಳಾಯ್ತು, ಇಬ್ರು ಇನ್ನೂ ಅಕ್ಕನ ನಂಬರಿಗೆ ಮಿಸ್ಡ್ ಕಾಲ್ ಕೊಡ್ತಾರೆ, ಅವಳು ತನ್ನ ಕರೆನ್ಸೀಲೇ ವಾಪಸ್ ಮಾಡ್ತಾಳೆ.